ಡಿಸ್ಚಾರ್ಜ್ ಬುಕ್‌ನಲ್ಲಿ ಬಿಟ್ಟುಹೋದ ಪದಕ: ನಮ್ಮ ಬಳಗದ ಪ್ರಶ್ನೋತ್ತರ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಮಾಜಿ ಸೈನಿಕರ ಕುಟುಂಬಗಳ ಈ ಬಳಗದಲ್ಲಿ, ಸೈನಿಕರ ಸೇವಾ ದಾಖಲೆಗಳನ್ನು ಇಡುವ ಸೇನೆಯ ರೆಕಾರ್ಡ್ಸ್ ಕಚೇರಿಯಲ್ಲಿ ಗುಮಾಸ್ತರಾಗಿ ದುಡಿದು ಈಗ ಸಿಂಧನೂರಿನಲ್ಲಿ ನೆಲೆಸಿರುವ ಸುಬೇದಾರ್ ಸಾಹೇಬರು ಪದಕಗಳ ದಾಖಲೆಯ ಕುರಿತು ಉತ್ತರಿಸಲು ಒಪ್ಪಿದ್ದಾರೆ. ಕೇಳಿದವರನ್ನು ಅವರವರ ಊರಿನ ಹೆಸರಿನಿಂದ ಗುರುತಿಸಿದೆ.

ಕುಷ್ಟಗಿ: ಸಾಹೇಬರೇ, ನಮಸ್ಕಾರ. ನಮ್ಮ ತಂದೆಯವರು 1968ರಲ್ಲಿ ಸೇನೆಯ ಎಂಜಿನಿಯರ್ ವಿಭಾಗಕ್ಕೆ ಸೇರಿ, 1971ರ ಯುದ್ಧದಲ್ಲಿ ಪಶ್ಚಿಮ ಗಡಿಯ ಶಕರ್‌ಗಢದ ಕಡೆ ಮೈನ್ (ನೆಲಬಾಂಬ್) ತೆಗೆಯುವ ತಂಡದಲ್ಲಿದ್ದರು. ಸೇನೆ ಬಿಡುವಾಗ ಕೊಟ್ಟ ಅವರ ಡಿಸ್ಚಾರ್ಜ್ ಬುಕ್‌ನಲ್ಲಿ ಸಂಗ್ರಾಮ ಪದಕ, ಸ್ವಾತಂತ್ರ್ಯದ 25ನೇ ವರ್ಷದ ಪದಕ, 9 ವರ್ಷಗಳ ದೀರ್ಘ ಸೇವಾ ಪದಕ ಬರೆದಿವೆ. ಪಶ್ಚಿಮಿ ಸ್ಟಾರ್ ಮಾತ್ರ ಇಲ್ಲ. ಅವರಿಗೀಗ 77 ವರ್ಷ. ಪ್ರತಿ ಜನವರಿ 26ರಂದು ಪದಕ ಧರಿಸುವಾಗ ಆ ಖಾಲಿ ಜಾಗವನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಮೂಲ ಬುಕ್ ಮತ್ತು 12,000 ರೂಪಾಯಿ ಕೊಟ್ಟರೆ ಹದಿನೈದು ದಿನದಲ್ಲಿ ಸೇರಿಸಿಸಿ ಕೊಡುತ್ತೇನೆಂದು ಒಬ್ಬರು ಹೇಳುತ್ತಿದ್ದಾರೆ. ಕೊಡಬಹುದೇ?

ಸುಬೇದಾರ್ ಸಾಹೇಬರು: ತಮ್ಮಾ, ಮೂಲ ಡಿಸ್ಚಾರ್ಜ್ ಬುಕ್ಕನ್ನು ಯಾರ ಕೈಗೂ ಕೊಡಬೇಡಿ. ನಾಳೆ ನಿಮ್ಮ ತಾಯಿಯವರ ಕುಟುಂಬ ಪಿಂಚಣಿಯ ಮಾತು ಬಂದಾಗಲೂ ಮೊದಲು ಕೇಳುವುದು ಅದನ್ನೇ. ಹಣವನ್ನಂತೂ ಕೊಡಲೇಬೇಡಿ, ದಾಖಲೆ ತಿದ್ದುವ ಅಧಿಕಾರವಿರುವುದು ರೆಕಾರ್ಡ್ಸ್‌ಗೆ ಮಾತ್ರ.

ನಿಮ್ಮ ತಂದೆಯವರ ವಿಷಯ ನನ್ನನ್ನು ಯೋಚನೆಗೆ ಹಚ್ಚಿದೆ. ಸಂಗ್ರಾಮ ಪದಕ ಆ ಅವಧಿಯ ಸೇವೆಗೆ ವ್ಯಾಪಕವಾಗಿ ಸಂದದ್ದು. ಪೂರ್ವಿ ಸ್ಟಾರ್ ಮತ್ತು ಪಶ್ಚಿಮಿ ಸ್ಟಾರ್ ಆಯಾ ದಿಕ್ಕಿನ ರಣಭೂಮಿಯಲ್ಲಿದ್ದವರಿಗೆ. ಶಕರ್‌ಗಢದ ಕಡೆಯ ಬಸಂತರ್ ನದಿಯ ಬಳಿ ನಮ್ಮ ಟ್ಯಾಂಕುಗಳು ದಾಟಲೆಂದು ಎಂಜಿನಿಯರುಗಳು ಡಿಸೆಂಬರ್ 15ರ ರಾತ್ರಿ ಗುಂಡಿನ ಮಳೆಯಲ್ಲಿ ಮೈನ್ ತೆಗೆದು ದಾರಿ ಮಾಡಿದರು. ಆ ಭಾಗದಲ್ಲಿ ಇದ್ದವರಿಗೆ ಸ್ಟಾರ್ ಬಂದಿಲ್ಲವೆಂದರೆ ಎಲ್ಲೋ ಒಂದು ಕೊಂಡಿ ಕಳಚಿದೆ, ಮತ್ತು ಯಾವ ಕೊಂಡಿ ಎಂದು ತಿಳಿಯದೆ ಬರೆದ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತದೆ.

ಪದಕದ ದಾರಿ ಹೀಗಿದೆ. ಪಲ್ಟನ್ ಅರ್ಹರ ಪಟ್ಟಿ ಮಾಡುತ್ತದೆ. ಪರಿಶೀಲನೆಯಾದ ಮೇಲೆ ಪಾರ್ಟ್ ಟೂ ಆರ್ಡರ್, ಅಂದರೆ ಸೈನಿಕನ ಸೇವಾ ವಿವರದ ಲಿಖಿತ ಆದೇಶ, ಹೊರಡುತ್ತದೆ. ಅದನ್ನು ನೋಡಿ ರೆಕಾರ್ಡ್ಸ್‌ನವರು ಶೀಟ್ ರೋಲ್‌ನಲ್ಲಿ, ಅಂದರೆ ತಮ್ಮ ಬಳಿ ಇರುವ ಆ ಸೈನಿಕನ ಸೇವಾ ದಾಖಲೆಯಲ್ಲಿ, ಬರೆದುಕೊಳ್ಳುತ್ತಾರೆ. ಸೈನಿಕ ಮನೆಗೆ ಹೊರಟಾಗ ಶೀಟ್ ರೋಲ್ ನೋಡಿ ಡಿಸ್ಚಾರ್ಜ್ ಬುಕ್ ತುಂಬುತ್ತಾರೆ. ಶೀಟ್ ರೋಲ್‌ನಲ್ಲಿ ಸ್ಟಾರ್ ಇದ್ದು ಬುಕ್‌ನಲ್ಲಿ ಇಲ್ಲದಿದ್ದರೆ ಅದು ನಕಲು ಮಾಡುವಾಗ ಆದ ತಪ್ಪು, ಒಂದೇ ಅರ್ಜಿಯಲ್ಲಿ ಸರಿಹೋಗಬೇಕು. ಆರ್ಡರ್ ಹೊರಟಿದ್ದೂ ಶೀಟ್ ರೋಲ್‌ಗೆ ಏರದಿದ್ದರೆ ಆ ಆರ್ಡರಿನ ಸಂಖ್ಯೆ ಮತ್ತು ವರ್ಷವನ್ನು ಹುಡುಕಿಸಬೇಕು. ಪಲ್ಟನ್‌ನ ಪಟ್ಟಿಯಲ್ಲೇ ಹೆಸರು ಬಿಟ್ಟಿದ್ದರೆ ಕೆಲಸ ಕಠಿಣ. ಆಗ ಯುದ್ಧದ ದಿನಗಳಲ್ಲಿ ಅವರು ಎಲ್ಲಿದ್ದರು ಎಂಬುದಕ್ಕೆ ಸೇನೆಯದೇ ಕಾಗದ ಬೇಕು, ಜೊತೆಗಾರರ ಲಿಖಿತ ಹೇಳಿಕೆ ಅದಕ್ಕೆ ಬೆಂಬಲವಾಗಬಹುದೇ ಹೊರತು ಅದರ ಬದಲಿಗೆ ನಿಲ್ಲುವುದಿಲ್ಲ.

ಆದ್ದರಿಂದ ತಂದೆಯವರ ಸಹಿಯಲ್ಲೇ, ಮಾಹಿತಿ ಹಕ್ಕಿನ ಅಡಿಯಲ್ಲಿ, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ತಮ್ಮ ಶೀಟ್ ರೋಲ್‌ನ ನಕಲು ಹಾಗೂ ಪದಕಗಳ ಪಾರ್ಟ್ ಟೂ ಆರ್ಡರುಗಳ ನಕಲು ಕೇಳಲಿ. 30 ದಿನದಲ್ಲಿ ಉತ್ತರ ಬರಬೇಕು; ಬಾರದಿದ್ದರೆ ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ತಿದ್ದುಪಡಿಯ ಅರ್ಜಿ ಅದಾದ ಮೇಲೆ. ಅಷ್ಟರಲ್ಲಿ ನನಗೆ ಎರಡು ವಿಷಯ ತಿಳಿಸಿ. ಆ ಡಿಸೆಂಬರಿನಲ್ಲಿ ಅವರು ಆಸ್ಪತ್ರೆಯಲ್ಲೋ ರಜೆಯಲ್ಲೋ ಇದ್ದರೇ, ಬೇರೆ ಕಂಪನಿಯೊಡನೆ ಸೇರಿಸಿದ್ದರೇ? ಕೈಯಲ್ಲಿರುವ ಪದಕಗಳ ಅಂಚಿನ ಮೇಲೆ ಕೆತ್ತಿರುವ ನಂಬರು ಮತ್ತು ಹೆಸರು ಏನಿದೆ? ಭೂತಗನ್ನಡಿ ಹಿಡಿದು ಓದಿ.

ಸಿರುಗುಪ್ಪ: ನಮ್ಮ ಚಿಕ್ಕಪ್ಪನವರು 1965ರ ಜೂನ್‌ನಲ್ಲಿ ಭರ್ತಿಯಾದವರು. ಅವರ ಬುಕ್‌ನಲ್ಲಿ 1965ರ ಯುದ್ಧದ ರಕ್ಷಾ ಪದಕವಿಲ್ಲ. ಇದೂ ಅದೇ ತಪ್ಪೇ?

ಸುಬೇದಾರ್ ಸಾಹೇಬರು: ಅಲ್ಲ. ಆ ಪದಕಕ್ಕೆ 1965ರ ಆಗಸ್ಟ್ 5ಕ್ಕೆ 180 ದಿನಗಳ ಸೇವೆ ಆಗಿರಬೇಕಿತ್ತು. ಅವರಿಗೆ ಆಗಿರಲಿಲ್ಲ. ದಾಖಲೆ ಸರಿಯಾಗಿದೆ.

ಗಂಗಾವತಿ: ಎಲ್ಲರ ಗಮನಕ್ಕೆ. ನನಗೆ ಬಂದ ಸಂದೇಶದ ಪ್ರಕಾರ ಸ್ಟಾರ್ ಪದಕ ಇರುವವರಿಗೆ ಪಿಂಚಣಿಯ ಮೇಲೆ ಮಾಸಿಕ ಭತ್ಯೆ ಸಿಗುತ್ತದೆ. ಆಧಾರ್ ಮತ್ತು ಪಿಪಿಒ (ಪಿಂಚಣಿ ಆದೇಶ) ಪ್ರತಿಯನ್ನು ಅದರಲ್ಲಿರುವ ನಂಬರಿಗೆ ಕಳಿಸಬೇಕಂತೆ.

ಸುಬೇದಾರ್ ಸಾಹೇಬರು: ಕಳಿಸಬೇಡಿ. ಮಾಸಿಕ ಭತ್ಯೆ ಇರುವುದು ಪರಮ ವೀರ ಚಕ್ರದಿಂದ ಹಿಡಿದು ಶೌರ್ಯಕ್ಕಾಗಿ ಕೊಟ್ಟ ಸೇನಾ ಪದಕದವರೆಗಿನ ಶೌರ್ಯ ಪ್ರಶಸ್ತಿಗಳಿಗೆ. ಪೂರ್ವಿ, ಪಶ್ಚಿಮಿ, ಸಂಗ್ರಾಮ, ರಕ್ಷಾ ಇವೆಲ್ಲ ಸೇವೆಯ ಪದಕಗಳು, ಇವುಗಳಿಗೆ ಭತ್ಯೆಯಿಲ್ಲ. ಇಂಥ ಸಂದೇಶಕ್ಕೆ ಪಿಪಿಒ ಕಳಿಸಿದ ವೃದ್ಧರ ಪಿಂಚಣಿ ಖಾತೆಯೇ ಬರಿದಾಗಬಹುದು.

ಕಂಪ್ಲಿ: ಸಾಹೇಬರೇ, ಯಾರೋ ಹೇಳಿದರೆಂದು ನಮ್ಮ ಮಾವನವರು ಬುಕ್‌ನ ಪುಟದಲ್ಲಿ ಪೂರ್ವಿ ಸ್ಟಾರ್ ಎಂದು ತಾವೇ ಪೆನ್ನಿನಲ್ಲಿ ಬರೆದುಕೊಂಡು, ಅಂಗಡಿಯಿಂದ ಪದಕವನ್ನೂ ತಂದಿದ್ದಾರೆ. ಅವರು ಬಾಂಗ್ಲಾದಲ್ಲಿ ಇದ್ದದ್ದು ನಿಜ.

ಸುಬೇದಾರ್ ಸಾಹೇಬರು: ಇದು ಚಿಂತೆಯ ವಿಷಯ. ಸರ್ಕಾರಿ ದಾಖಲೆಯಲ್ಲಿ ಸ್ವಂತ ಕೈಬರಹ ಸೇರಿಸಿದರೆ ನಿಜವಾದ ಹಕ್ಕೂ ಅನುಮಾನಕ್ಕೆ ಸಿಲುಕುತ್ತದೆ. ಅದನ್ನು ಅಳಿಸಲು ಹೋಗಬೇಡಿ, ಬ್ಲೇಡಿನಿಂದ ಕೆರೆಯಬೇಡಿ. ಕೆರೆದ ಗುರುತು ಬರಹಕ್ಕಿಂತ ಕೆಟ್ಟದ್ದು. ರೆಕಾರ್ಡ್ಸ್‌ಗೆ ಬರೆಯುವಾಗ ತಿಳಿಯದೆ ಬರೆದೆನೆಂದು ಮಾವನವರೇ ಒಪ್ಪಿಕೊಂಡು, ಶೀಟ್ ರೋಲ್‌ನಂತೆ ಸರಿಪಡಿಸಿಕೊಡಲು ಕೋರಲಿ. ಅಲ್ಲಿಯವರೆಗೆ ಆ ಬುಕ್‌ನ ಪ್ರತಿಯನ್ನು ಎಲ್ಲಿಯೂ ಕೊಡಬೇಡಿ.

ಲಿಂಗಸುಗೂರು: ನಮ್ಮ ಯಜಮಾನರು ಕಾರ್ಗಿಲ್‌ನಲ್ಲಿ ಇದ್ದವರು, ತೀರಿಕೊಂಡಿದ್ದಾರೆ. 2009ರ ಪ್ರವಾಹದಲ್ಲಿ ಮನೆಯ ಪೆಟ್ಟಿಗೆಯೊಡನೆ ಪದಕಗಳೂ ಹೋದವು. ಮರಳಿ ಪಡೆಯಲು ನಾನು ಏನು ಮಾಡಬೇಕು?

ಮಾನ್ವಿ: ಯಾವ ವಿಳಾಸಕ್ಕೆ ಬರೆಯಬೇಕು?

ಸುಬೇದಾರ್ ಸಾಹೇಬರು: ಅವರವರ ರೆಜಿಮೆಂಟಿನ ರೆಕಾರ್ಡ್ಸ್‌ಗೆ. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ರೆಜಿಮೆಂಟಿಗೆ ವೆಲ್ಲಿಂಗ್ಟನ್, ಸಿಗ್ನಲ್ಸ್‌ಗೆ ಜಬಲ್‌ಪುರ.

ಯಲಬುರ್ಗಾ: ಅರ್ಜಿಯನ್ನು ಎಲ್ಲಿಗೆ ಕಳಿಸಬೇಕು, ಸಾಹೇಬರೇ?

ಸುಬೇದಾರ್ ಸಾಹೇಬರು: ಮೇಲೆ ಬರೆದಿದ್ದೇನೆ.

ಗಂಗಾವತಿ: ಭತ್ಯೆಯಿಲ್ಲ ಎಂದ ಮೇಲೆ 77 ವರ್ಷದವರನ್ನು ಕಚೇರಿಗಳಿಗೆ ಅಲೆಸುವುದೇಕೆ? ಮೇಲಾಗಿ, ಅರ್ಜಿ ತುಂಬಲು ಬಾರದವರು ನಡುವಿನವರಿಗೆ ನಾಲ್ಕು ಕಾಸು ಕೊಟ್ಟರೆ ತಪ್ಪೇನು?

ಸಂಡೂರು: ಅಣ್ಣಾವ್ರೇ, ಮೈನ್ ತೆಗೆದ ಕೈಗೆ ಸಲ್ಲಬೇಕಾದ ಗೌರವವನ್ನು ಭತ್ಯೆಯಿಂದ ಅಳೆಯಬೇಡಿ. ನಿಮ್ಮ ಮನೆಯಲ್ಲಿ ಸಂಗ್ರಾಮ ಪದಕವಷ್ಟೇ ಇರುವುದರಿಂದ ನಿಮಗೆ ಆ ನೋವು ತಿಳಿಯಲಾರದು.

ಗಂಗಾವತಿ: ಮಾತು ಹಿಂದಕ್ಕೆ ತೆಗೆದುಕೊಳ್ಳಿ. ನಮ್ಮ ತಂದೆಯವರು ಯುದ್ಧದ ದಿನಗಳಲ್ಲಿ ಸಿಕಂದರಾಬಾದಿನಲ್ಲಿ ನಿದ್ದೆಗೆಟ್ಟು ಮದ್ದುಗುಂಡು ತುಂಬಿ ಕಳಿಸಿದರು. ಅದು ತಲುಪದಿದ್ದರೆ ನಿಮ್ಮವರು ಏನು ಹಿಡಿದು ಹೋರಾಡುತ್ತಿದ್ದರು?

ಸಂಡೂರು: ಡಿಪೋದ ಕೆಲಸವನ್ನು ರಣರಂಗಕ್ಕೆ ಸಮ ಮಾಡಬೇಡಿ ಎಂದಷ್ಟೇ ನನ್ನ ಮಾತು.

ಮಾನ್ವಿ: ಇಬ್ಬರೂ ನಿಲ್ಲಿಸಿ. ಲಿಂಗಸುಗೂರಿನ ಅಕ್ಕನವರ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.

ಸುಬೇದಾರ್ ಸಾಹೇಬರು: ಹಿರಿಯರ ಸೇವೆಯನ್ನು ತೂಗಿ ನೋಡಲು ನಾನಿಲ್ಲಿ ಕುಳಿತಿಲ್ಲ. ಇನ್ನೊಮ್ಮೆ ಈ ಮಾತು ಬಂದರೆ ನಾನು ಬಳಗ ಬಿಡುತ್ತೇನೆ. ನಡುವಿನವರ ಬಗ್ಗೆ ಕೇಳಿದ್ದೀರಿ: ಅರ್ಜಿ ಬರೆಸಲು ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಅದಿರುವುದೇ ನಿಮಗಾಗಿ.

ರಾಯಚೂರು: ನಮ್ಮ ಅಜ್ಜ 1950ರ ದಶಕದಲ್ಲಿ ಆರು ವರ್ಷ ಸೇವೆ ಮಾಡಿ ಪಿಂಚಣಿಯಿಲ್ಲದೆ ಬಂದವರು. ಅವರ ಶೀಟ್ ರೋಲ್ ಸಿಗುತ್ತದೆಯೇ?

ಸುಬೇದಾರ್ ಸಾಹೇಬರು: ಪಿಂಚಣಿಯಿಲ್ಲದವರ ಸೇವಾ ಕಾಗದಗಳನ್ನು 25 ವರ್ಷದ ನಂತರ ನಾಶ ಮಾಡುತ್ತಾರೆ. ಸೈನಿಕರ ಹೆಸರುಗಳ ಕಾಯಂ ಪಟ್ಟಿಯಾದ ಲಾಂಗ್ ರೋಲ್‌ನಲ್ಲಿರುವ ವಿವರ ಕೇಳಿ.

ಕುಷ್ಟಗಿ: ಸಾಹೇಬರೇ, ತಂದೆಯವರು ಆಸ್ಪತ್ರೆಗೂ ಹೋಗಿಲ್ಲ, ರಜೆಯಲ್ಲೂ ಇರಲಿಲ್ಲ. ಸಂಗ್ರಾಮ ಪದಕದ ಅಂಚನ್ನು ಈಗ ಓದಿದೆವು. ಬುಕ್‌ನಲ್ಲಿ ವೀರಪ್ಪ ಎಂದಿದೆ, ಪದಕದ ಮೇಲೆ ಈರಪ್ಪ ಎಂದಿದೆ. ನಂಬರಿನ ಕೊನೆಯ ಅಂಕಿ ಬುಕ್‌ನಲ್ಲಿ 7, ಪದಕದಲ್ಲಿ 1.

ಸುಬೇದಾರ್ ಸಾಹೇಬರು: ನಾನು ಹುಡುಕುತ್ತಿದ್ದುದು ಇದನ್ನೇ. ನಮ್ಮ ಸೀಮೆಯ ಬಾಯಲ್ಲಿ ವೀರ ಎಂಬುದು ಈರ ಆಗುತ್ತದೆ. ಬೇರೆ ನಾಡಿನ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದಿದ್ದಾನೆ. ಸ್ಟಾರ್‌ನ ಆರ್ಡರ್ ಆ ಇನ್ನೊಂದು ನಂಬರಿನ ಮೇಲೆ ಹೊರಟು, ಇವರ ಶೀಟ್ ರೋಲ್‌ಗೆ ಏರದೆ ಉಳಿದಿರುವ ಸಾಧ್ಯತೆ ಹೆಚ್ಚು. ಅರ್ಜಿಯಲ್ಲಿ ಎರಡೂ ನಂಬರು, ಎರಡೂ ಹೆಸರು ಬರೆದು, ಎರಡರ ಅಡಿಯಲ್ಲೂ ಆರ್ಡರುಗಳನ್ನು ಹುಡುಕಬೇಕೆಂದು ಸ್ಪಷ್ಟವಾಗಿ ಕೋರಿ. ಪದಕದ ಅಂಚಿನ ಫೋಟೋವನ್ನು ಹಗಲು ಬೆಳಕಿನಲ್ಲಿ, ಅಕ್ಷರಗಳು ಒಂದೊಂದೂ ಕಾಣುವಂತೆ ತೆಗೆದು ಲಗತ್ತಿಸಿ. ಪದಕವನ್ನು ಬ್ರಾಸೋ ಹಚ್ಚಿ ಉಜ್ಜಬೇಡಿ. ಕೆತ್ತನೆ ಸವೆದರೆ ಈ ಸಾಕ್ಷಿಯೂ ಹೋಗುತ್ತದೆ. ಸೋಮವಾರವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿಯನ್ನು ಬುಕ್‌ನೊಳಗೆ ಇಡಿ.

ಕುಷ್ಟಗಿ: ತಂದೆಯವರು ಪಕ್ಕದಲ್ಲೇ ಕುಳಿತಿದ್ದಾರೆ. ಸಹಿ ಯಾವ ಹೆಸರಿನಲ್ಲಿ ಮಾಡಲಿ ಎಂದು ಕೇಳುತ್ತಿದ್ದಾರೆ.

ಸುಬೇದಾರ್ ಸಾಹೇಬರು: ಬುಕ್‌ನಲ್ಲಿರುವ ಹೆಸರಿನಲ್ಲಿ. ಅವರಿಗೆ ನನ್ನ ಜೈ ಹಿಂದ್ ಹೇಳಿ.