ಒಂದೇ ಪ್ರೊಜೆಕ್ಟರ್, ಎಲ್ಲಿಂದ ಶುರು ಮಾಡಲಿ?

ಸೀಮೆಸುಣ್ಣದ ಮೇಷ್ಟ್ರು: 14 ವರ್ಷದಿಂದ ಎಂಟನೇ ತರಗತಿಗೆ ಗಣಿತ, ವಿಜ್ಞಾನ ಹೇಳಿಕೊಡ್ತಿದ್ದೀನಿ. ಈ ಸಲ ಪ್ರೊಜೆಕ್ಟರ್ ಬಂತು. ಹುಮ್ಮಸ್ಸಿನಲ್ಲಿ ವಿಡಿಯೊ, ಸ್ಲೈಡು, ರಸಪ್ರಶ್ನೆ ಎಲ್ಲ ಒಂದೇ ವಾರ ತುರುಕಿದೆ. ಕೇಬಲ್ ಜೋಡಿಸೋದ್ರಲ್ಲೇ 15 ನಿಮಿಷ ಹೋಯ್ತು. ಕಿಟಕಿ ಮುಚ್ಚಿದ್ದೇ ತಡ, ಹಿಂದಿನ ಬೆಂಚು ನಿದ್ದೆಗೆ ಜಾರಿತು. ಬಿಟ್ಟುಬಿಡೋಕೆ ಮನಸ್ಸಿಲ್ಲ. ನೀವೆಲ್ಲ ಹೇಗೆ ಶುರು ಮಾಡಿದ್ರಿ?

ರೇಖಾಗಣಿತ ಟೀಚರ್: ಸರ್, ಒಂದೇ ಪಾಠ ಹಿಡ್ಕೊಳ್ಳಿ, ಅದೂ ಹಲಗೆ ಮೇಲೆ ತೋರಿಸೋಕೆ ಆಗದೇ ಇರೋದು. ನಾನು ಜಿಯೋಜೀಬ್ರಾದಲ್ಲಿ (ಆಕೃತಿ ಬಿಡಿಸಿ ಅಲುಗಾಡಿಸಿ ನೋಡೋ ಗಣಿತದ ಸಾಫ್ಟ್‌ವೇರ್) ಒಂದು ತ್ರಿಭುಜದಿಂದ ಶುರು ಮಾಡಿದೆ. ಅದರ ಶೃಂಗ, ಅಂದ್ರೆ ಮೂಲೆ, ಎಳೆದು ಆಕಾರ ಬದಲಿಸೋ ಮುಂಚೆ 'ಕೋನಗಳ ಮೊತ್ತ ಹೆಚ್ಚುತ್ತಾ, ಕಡಿಮೆಯಾಗುತ್ತಾ?' ಅಂತ ನೋಟ್‌ಬುಕ್ಕಲ್ಲಿ ಬರೆಸಿದೆ. ಬರೆದ ಮೇಲೆ ಯಾರೂ ಮಲಗಲಿಲ್ಲ, ತಮ್ಮ ಉತ್ತರ ಏನಾಯ್ತು ಅಂತ ನೋಡಬೇಕಲ್ಲ! ದಶಮಾಂಶ ಬೇಡ, ಪ್ರತಿ ಕೋನವನ್ನೂ ಹತ್ತಿರದ ಪೂರ್ಣಸಂಖ್ಯೆಗೆ ತೋರಿಸು ಅಂತ ಇಟ್ಟಿದ್ದರಿಂದ ಒಮ್ಮೆ ಪರದೆ ಮೇಲಿನ ಕೋನಗಳನ್ನು ಕೂಡಿದಾಗ 180ರ ಬದಲು 181 ಬಂತು. 'ಮಿಸ್, ಕಂಪ್ಯೂಟರ್ ತಪ್ಪು' ಅಂದಳು ಒಬ್ಬಳು. ಅವತ್ತು ತ್ರಿಭುಜ ಬಿಟ್ಟು ಅಂದಾಜೀಕರಣದ ಪಾಠವೇ ಆಯ್ತು. ನಾನು ಯೋಜಿಸಿದ್ದಲ್ಲ, ಆದ್ರೆ ಆ ವರ್ಷದ ನನ್ನ ಒಳ್ಳೇ ಪೀರಿಯಡ್ ಅದು.

ಲ್ಯಾಬ್ ಕೋಟು: ವಿಜ್ಞಾನಕ್ಕೆ ಫೆಟ್ (PhET) ಸಿಮ್ಯುಲೇಶನ್ ನೋಡಿ, ಅಂದ್ರೆ ಪರದೆ ಮೇಲೆ ಮಾಡಿ ನೋಡೋ ಪ್ರಯೋಗಗಳು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಉಚಿತ. ಮನೆಯಲ್ಲೇ ಇಳಿಸಿಕೊಂಡರೆ ತರಗತಿಯಲ್ಲಿ ನೆಟ್ ಬೇಡ. ಆದ್ರೆ ಮೊದಲು ನಿಜವಾದ ಬಲ್ಬು, ಸೆಲ್ಲು ಮಕ್ಕಳ ಕೈಗೆ ಕೊಡಿ. ತಂತಿಯಲ್ಲಿ ಎಲೆಕ್ಟ್ರಾನ್ ಓಡೋದನ್ನ ತೋರಿಸೋಕೆ ಮಾತ್ರ ಪರದೆ.

ಸೀಮೆಸುಣ್ಣದ ಮೇಷ್ಟ್ರು: ಸರಿ, ಸೋಮವಾರ ತ್ರಿಭುಜ. ಕೇಬಲ್ ಬೆಳಗ್ಗೆನೇ ಜೋಡಿಸಿಡ್ತೀನಿ.