ಶೆಲ್ಟರ್ ನಾಯಿಗಳನ್ನ ಒಟ್ಟಿಗೆ ಆಡೋಕೆ ಬಿಡಬಹುದಾ?

ಮೈಸೂರು ಹುಡುಗಿ:
ರಜೆ ದಿನ ಇಲ್ಲಿನ ಒಂದು ಶೆಲ್ಟರ್‌ಗೆ ಹೋಗ್ತೀನಿ. ಅಲ್ಲಿ ಕರಿಯ ಅಂತ ಒಂದು ನಾಟಿ ನಾಯಿ. ಯಾರಾದ್ರೂ ಎದುರಿಗೆ ಹಾದು ಹೋದ್ರೆ ಸಾಕು, ಜಾಲರಿಗೆ ಎಗರಿ ಬೊಗಳುತ್ತೆ, ಆಮೇಲೆ ಅಲ್ಲೇ ಗಿರಗಿರ ಸುತ್ತುತ್ತೆ. ಸಾಕೋಕೆ ಅಂತ ನೋಡೋಕೆ ಬಂದವರು ಪಕ್ಕದ ಗೂಡಿಗೆ ಹೋಗ್ತಾರೆ. ಹಿಂದೆ ಬೇಲಿ ಹಾಕಿದ ಅಂಗಳ ಇದೆ. ನಾಲ್ಕೈದು ನಾಯಿ ಒಟ್ಟಿಗೆ ಬಿಡೋಣ ಅಂದ್ರೆ "ಕಚ್ಚಾಡಿ ಸಾಯ್ತವೆ ಕಣಮ್ಮ" ಅಂತಾರೆ. ಯಾರಾದ್ರೂ ಮಾಡಿ ನೋಡಿದ್ದೀರಾ?

ಕೆಂಗೇರಿ ಅಣ್ಣ:
ನಾನು ಶೆಲ್ಟರ್‌ನಲ್ಲೇ ಕೆಲಸ ಮಾಡೋನು ತಂಗಿ. ಬೆಳಗ್ಗೆ ಗೂಡು ತೊಳೆಯೋ ಹೊತ್ತೇ ನಮ್ಮಲ್ಲಿ ಆಟದ ಹೊತ್ತು, ಹೇಗಿದ್ರೂ ಹೊರಗೆ ತರಲೇಬೇಕಲ್ಲ. ಜಾಲರಿ ಹಿಂದೆ ಹಾಗೆ ಅಬ್ಬರಿಸೋ ಎಷ್ಟೋ ನಾಯಿ ಅಂಗಳಕ್ಕೆ ಬಿಟ್ರೆ ಎದೆ ನೆಲಕ್ಕೊತ್ತಿ, ಹಿಂಭಾಗ ಎತ್ತಿ, "ಬಾರೋ ಆಡೋಣ" ಅನ್ನುತ್ತೆ. ಚೆನ್ನಾಗಿ ಓಡಿ ಬಂದದ್ದು ಮಧ್ಯಾಹ್ನ ತೆಪ್ಪಗೆ ಮಲಗುತ್ತೆ. ದತ್ತು ಕೇಳಿ ಬಂದವರಿಗೂ ನಿಜವಾದ ಸ್ವಭಾವ ಕಾಣೋದು ಅಂಗಳದಲ್ಲೇ.

ನಮ್ಮ ರಾಣಿ, ಮುದುಕಿ, ಹೊಸಬರಿಗೆಲ್ಲ ಅವಳೇ ಮೇಷ್ಟ್ರು. ಪಡ್ಡೆ ನಾಯಿ ಜಾಸ್ತಿ ಮೈಮೇಲೆ ಬಿದ್ರೆ ತುಟಿ ಎತ್ತಿ ಒಂದೇ ಸಲ ಗುರ್ ಅಂತಾಳೆ. ಅದು ಮುಖ ತಿರುಗಿಸಿ ನೆಲ ಮೂಸೋಕೆ ಶುರು ಮಾಡುತ್ತೆ. ಅಲ್ಲಿ ನಾವು ಬಾಯಿ ಹಾಕಬಾರದು.

ಊಟದ ತಟ್ಟೆ, ಚೆಂಡು ಒಂದೂ ಅಂಗಳದಲ್ಲಿ ಇರಬಾರದು. ಬೆದೆಗೆ ಬಂದ ಹೆಣ್ಣು ಬೇಡವೇ ಬೇಡ. ಸಡಿಲವಾದ ಕತ್ತಿನ ಪಟ್ಟಿ, ಗೆಜ್ಜೆ ಬಿಚ್ಚಿ. ಆಡುವಾಗ ಇನ್ನೊಂದರ ಕೆಳದವಡೆ ಅದರೊಳಗೆ ಸಿಕ್ಕಿಹಾಕಿಕೊಂಡ್ರೆ ಎರಡೂ ಗಾಬರಿಯಾಗಿ ಎಳೆದಾಡ್ತವೆ. ಕಚ್ಚಾಟ ಶುರುವಾದ್ರೆ ನೀರು ಹಾಯಿಸಿ ಬಿಡಿಸೋಕೆ ಪೈಪು ಕೈಯಲ್ಲೇ ಇರಲಿ. ಅಮೆರಿಕದಲ್ಲಿ ಏಮಿ ಸ್ಯಾಡ್ಲರ್ ಶುರು ಮಾಡಿದ 'ಡಾಗ್ಸ್ ಪ್ಲೇಯಿಂಗ್ ಫಾರ್ ಲೈಫ್' ಸಂಸ್ಥೆ ಶೆಲ್ಟರ್‌ಗಳಿಗೆ ಇದನ್ನೇ ಕಲಿಸುತ್ತೆ.

ಹಾಸನದ ಡಾಕ್ಟ್ರು:
ಲಸಿಕೆ ಆಗದ ಮರಿಗಳನ್ನ ಆ ಅಂಗಳಕ್ಕೆ ಇಳಿಸಲೇಬೇಡಿ. ಮರಿಗಳಿಗೆ ಜೀವ ತೆಗೆಯೋ ವಾಂತಿ-ಭೇದಿ ತರೋ ಪಾರ್ವೊ ವೈರಸ್ ಮಣ್ಣಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಸಂತಾನಹರಣ ಚಿಕಿತ್ಸೆಯ ಹೊಲಿಗೆ ಮಾಯದ ನಾಯಿಗೂ ಆಟ ಬೇಡ. ಇನ್ನು ಕೆಲವಕ್ಕೆ ಗುಂಪೇ ಆಗಲ್ಲ, ಬಾಲ ಮುದುರಿ ಗೇಟ್ ಹತ್ರ ನಿಲ್ತವೆ. ಅವನ್ನ ಒಂಟಿಯಾಗಿ ಸುತ್ತಾಡಿಸಿ, ಬಲವಂತ ಬೇಡ.

ಮೈಸೂರು ಹುಡುಗಿ:
ಕರಿಯನಿಗೆ ಲಸಿಕೆ ಎಲ್ಲಾ ಆಗಿದೆ ಸರ್. ಅಣ್ಣ, ಮೊದಲ ಸಲ ಕಚ್ಚದ ಹಾಗೆ ಬಾಯಿಗೆ ಮಜಲ್ (ಬಾಯಿಕವಚ) ಹಾಕಲಾ?

ಕೆಂಗೇರಿ ಅಣ್ಣ:
ಹಾಕು, ಆದ್ರೆ ಬುಟ್ಟಿ ಥರದ್ದು. ಬಾಯಿ ತೆರೆದು ಏದುಸಿರು ಬಿಡೋಕೆ ಆಗ್ಬೇಕು. ಗೂಡಲ್ಲೇ ತಿಂಡಿ ಕೊಟ್ಟು ಮೊದಲೇ ರೂಢಿ ಮಾಡಿಸು. ಬಿಸಿಲೇರೋ ಮುಂಚೆ, ಒಂದೇ ಒಂದು ಸಮಾಧಾನದ ಹೆಣ್ಣುನಾಯಿ ಜೊತೆ ಬಿಡು.