1943ರ ಜಾತಕ, ಆಸ್ಪತ್ರೆಯ ಚೀಟಿ: ಒಂದು ಗಂಟೆಯ ವ್ಯತ್ಯಾಸ ಎಲ್ಲಿಂದ ಬಂತು?

ಪ್ರಶ್ನೆ (ಮಂಡ್ಯದಿಂದ): ನಮಸ್ಕಾರ ಸರ್. ನಮ್ಮ ತಂದೆಯವರು 1943ರ ಮಾರ್ಚ್ ಕೊನೆಯ ವಾರದಲ್ಲಿ ಮಂಡ್ಯದಲ್ಲಿ ಹುಟ್ಟಿದವರು. ಅವರ ಜಾತಕದಲ್ಲಿ ‘ಸೂರ್ಯೋದಯಾದಿ ಗತ ಘಳಿಗೆ 10’ ಎಂದಿದೆ. ಆಸ್ಪತ್ರೆಯ ಚೀಟಿಯಲ್ಲಿ ಬೆಳಿಗ್ಗೆ 11.25 ಎಂದಿದೆ. ಇವೆರಡರಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಎರಡೂ ಸರಿಯಿರಬಹುದು. ಒಂದು ಘಳಿಗೆಗೆ 24 ನಿಮಿಷ, ಆದ್ದರಿಂದ ಹತ್ತು ಘಳಿಗೆಯೆಂದರೆ ನಾಲ್ಕು ಗಂಟೆ. ಮಾರ್ಚ್ ಕೊನೆಯಲ್ಲಿ ಮಂಡ್ಯದ ಸೂರ್ಯೋದಯ ಈಗಿನ ಗಡಿಯಾರದಲ್ಲಿ ಸುಮಾರು 6.25ಕ್ಕೆ ಆಗುವುದರಿಂದ ಜನನಕಾಲ 10.25 ಎಂದಾಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದ ನಮ್ಮ ಕಾಲಮಾನ ಆಗ ಆರೂವರೆ ಗಂಟೆ ಮುಂದಿತ್ತು. ಆದ್ದರಿಂದ ಈಗಿನ 10.25 ಆಗಿನ ಗಡಿಯಾರದಲ್ಲಿ 11.25. ಆಸ್ಪತ್ರೆಯವರು ಗಡಿಯಾರ ನೋಡಿ ಬರೆದರು, ಜೋಯಿಸರು ಸೂರ್ಯೋದಯದಿಂದ ಎಣಿಸಿದರು.

ಗಡಿಯಾರ ಮುಂದಿಟ್ಟ ಈ ಸಂಗತಿ ದಾಖಲಾಗಿದೆ. ಬಹಳಷ್ಟು ಕಂಪ್ಯೂಟರು, ಮೊಬೈಲುಗಳು ಹಳೆಯ ದಿನಾಂಕಗಳ ಗಂಟೆಯನ್ನು ಲೆಕ್ಕ ಹಾಕುವುದು ಆರ್ಥರ್ ಡೇವಿಡ್ ಓಲ್ಸನ್ 1980ರ ದಶಕದಲ್ಲಿ ಆರಂಭಿಸಿದ ಕಾಲವಲಯಗಳ ದತ್ತಸಂಚಯದಿಂದ. ಅದರ ‘ಏಷ್ಯಾ/ಕೋಲ್ಕತಾ’ ಎಂಬ ನಮೂದಿನಲ್ಲಿ ಮದ್ರಾಸ್ ಕಾಲಮಾನ, 1906ರ ಜನವರಿ 1ರಿಂದ ಬಂದ ಭಾರತೀಯ ಕಾಲಮಾನ, ಈ ಯುದ್ಧಕಾಲದ ಬದಲಾವಣೆ, ಎಲ್ಲವೂ ಸಾಲಾಗಿವೆ. ಆದರೆ 1970ರಿಂದೀಚೆಗೆ ಒಂದೇ ಗಡಿಯಾರ ಅನುಸರಿಸಿದ ಪ್ರದೇಶಗಳನ್ನೆಲ್ಲ ಒಂದೇ ನಮೂದಿನಡಿ ತರುವುದು ಅದರ ನಿಯಮವಾದ್ದರಿಂದ, ಮೈಸೂರು ಸಂಸ್ಥಾನದ ಯಾವ ಊರಿನಲ್ಲಿ ಯಾವಾಗ ಮುಳ್ಳು ತಿರುಗಿಸಿದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಹಾಗೆ ನೋಡಿದರೆ ನಿಮ್ಮ ಮನೆಯ ಎರಡು ಕಾಗದಗಳು ಮಂಡ್ಯದ ಮಟ್ಟಿಗೆ ಆ ನಮೂದಿಗಿಂತ ಹತ್ತಿರದ ಸಾಕ್ಷಿ.

ಮರುಪ್ರಶ್ನೆ (ಮೈಸೂರಿನಿಂದ): ಹಾಗಾದರೆ 1906ಕ್ಕೂ ಹಿಂದಿನ ಜಾತಕಗಳ ಗತಿಯೇನು, ಸರ್? ನಮ್ಮ ಊರಿನ ಗಡಿಯಾರ ಗೋಪುರ ‘ಚಿಕ್ಕ ಗಡಿಯಾರ’ 1886ರದು. ಅದು ಯಾವ ಸಮಯ ತೋರಿಸುತ್ತಿತ್ತೆಂದು ತಿಳಿಯುವುದು ಹೇಗೆ?

ಉತ್ತರ: ಮೈಸೂರಿನ ಸೂರ್ಯಸಮಯ ಈಗಿನ ಭಾರತೀಯ ಕಾಲಮಾನಕ್ಕಿಂತ ಸರಾಸರಿ 23 ನಿಮಿಷ 20 ಸೆಕೆಂಡಿನಷ್ಟು ಹಿಂದೆ. ರೈಲ್ವೆಯವರು ಬಳಸುತ್ತಿದ್ದ ಮದ್ರಾಸ್ ಕಾಲಮಾನ ಹಿಂದಿದ್ದುದು 8 ನಿಮಿಷ 50 ಸೆಕೆಂಡು ಮಾತ್ರ. ಆದ್ದರಿಂದ ಊರಿನ ಗಡಿಯಾರಕ್ಕೂ ರೈಲ್ವೆ ಗಡಿಯಾರಕ್ಕೂ ಸುಮಾರು ಹದಿನಾಲ್ಕೂವರೆ ನಿಮಿಷ ಅಂತರವಿತ್ತೆಂದು ಯಾವುದಾದರೂ ದಫ್ತರದಲ್ಲಿ ಕಂಡರೆ, ಆ ಊರು ಸೂರ್ಯಸಮಯ ಪಾಲಿಸುತ್ತಿತ್ತೆಂದು ಊಹಿಸಬಹುದು. ಕಟ್ಟಡ ಕಟ್ಟಿದ ವರ್ಷ ಇದಕ್ಕೆ ಉತ್ತರ ಕೊಡಲಾರದು. ಅಂದಿನ ಸುತ್ತೋಲೆ, ಪತ್ರಿಕೆಯ ಪ್ರಕಟಣೆ, ರೈಲ್ವೆ ವೇಳಾಪಟ್ಟಿಗಳೇ ಬೇಕು. ಜಾತಕದಲ್ಲಿ ಘಳಿಗೆ ಮಾತ್ರವಿದ್ದರೆ ನೀವು ಈ ಗೋಜಿಗೇ ಹೋಗಬೇಕಿಲ್ಲ, ಏಕೆಂದರೆ ಘಳಿಗೆಗೆ ಯಾವ ಸರ್ಕಾರದ ಗಡಿಯಾರವೂ ಲೆಕ್ಕಕ್ಕಿಲ್ಲ.

ಮಂಡ್ಯದವರಿಗೆ ಒಂದು ಎಚ್ಚರಿಕೆ. ಜೋಯಿಸರು ಆಸ್ಪತ್ರೆಯ ಸಮಯ ಕೇಳಿಕೊಂಡು, ಒಂದು ಗಂಟೆ ಕಳೆದು ಘಳಿಗೆಗೆ ಇಳಿಸಿರಬಹುದು. ಹಾಗಾಗಿದ್ದರೆ ನಿಮ್ಮಲ್ಲಿರುವುದು ಎರಡು ಸಾಕ್ಷಿಯಲ್ಲ, ಒಂದೇ. ಜಾತಕದ ಅಂಚಿನಲ್ಲಿ ಗಂಟೆ-ನಿಮಿಷದ ಗುರುತೇನಾದರೂ ಇದೆಯೇ ನೋಡಿ, ಎರಡೂ ಹಾಳೆಗಳ ಹಿಂದುಮುಂದು ಫೋಟೊ ತೆಗೆದು ಇಲ್ಲಿ ಹಾಕಿ. ಹೆಸರು, ನಕ್ಷತ್ರ ಮರೆಮಾಡಿದರೆ ಅಡ್ಡಿಯಿಲ್ಲ, ದಿನಾಂಕ ಮಾತ್ರ ಕಾಣುವಂತಿರಲಿ.